ಕೆಳಗಿನಿಂದ ಎಣಿಸಿದ ಪಿನ್ನುಗಳು

ಅವರು ಯಾರನ್ನೂ ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿಲ್ಲ. ದನಿ ಎತ್ತಿದ್ದನ್ನೂ ಕೇಳಿಲ್ಲ. "ಬರ್ರಿ ಸಾಹೇಬ್ರ, ಇಲ್ಲಿ ಬಂದು ನಿಂದ್ರಿ" ಎಂದು ಅವರು ಮೆಲ್ಲಗೆ ಕರೆದರೆ ಆ ಹುಡುಗನ ಮುಖ ಬಿಳಿಚಿಕೊಳ್ಳುತ್ತಿತ್ತು. ಹುಡುಗಿಯಾದರೆ "ಬರ್ರಿ ಅಕ್ಕಾರ". ಹಾವೇರಿಯ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಅವರು ನಮಗೆ ಮೈಕ್ರೊಕಂಟ್ರೋಲರ್ ಲ್ಯಾಬ್ ನಡೆಸುತ್ತಿದ್ದರು. ಆ ಪಾಲಿಟೆಕ್ನಿಕ್ ಮುಚ್ಚಿ ವರ್ಷಗಳಾದವು. ಹೋದ ತಿಂಗಳು ಅವರೂ ರಾಣೆಬೆನ್ನೂರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ವಾಟ್ಸ್ಆಪ್ ಗುಂಪಿನಲ್ಲಿ ಎರಡು ದಿನ ಕೈಮುಗಿದ ಚಿತ್ರಗಳು ಬಂದವು. "ಶಿಸ್ತು ಅಂದ್ರ ಸರ್" ಎಂದು ಒಬ್ಬ ಬರೆದ. ಅವನ ತೋರುಬೆರಳಿನ ತುದಿಯಲ್ಲಿ ಒಂದು ಸುಟ್ಟ ಕಲೆ ಇದೆ.

ಅದು ಆದದ್ದು ಹೀಗೆ. ಅವನು ತಂತಿಯನ್ನು ತಪ್ಪು ಪಿನ್ನಿಗೆ ಜೋಡಿಸಿದ್ದ; ಬೋರ್ಡಿನ ಮೇಲಿನ ಚಿಪ್ಪು ಕಾದಿತ್ತು. ಸರ್ ಬಂದು, ಮಕ್ಕಳ ಜ್ವರ ನೋಡುವವರ ಹಾಗೆ ಬೆರಳಿನ ಹಿಂಬದಿಯಿಂದ ಅದನ್ನು ಮುಟ್ಟಿದರು. "ಎಷ್ಟು ಕಾದೈತಿ ಅನ್ನೂದು ನಿಮಗೂ ತಿಳೀಲಿ ಸಾಹೇಬ್ರ" ಎಂದು ಅವನ ಮಣಿಕಟ್ಟು ಹಿಡಿದು ಬೆರಳನ್ನು ಚಿಪ್ಪಿನ ಮೇಲೆ ಇರಿಸಿದರು. "ಹತ್ತರ ತನಕ ಎಣಿಸ್ರಿ." ಆರಕ್ಕೆ ಬಿಟ್ಟರೆಂದು ನನ್ನ ನೆನಪು. ಹತ್ತಾಗುವ ತನಕ ಬಿಡಲಿಲ್ಲ ಎನ್ನುವವರೂ ಇದ್ದಾರೆ. ಇಂಥ ಕಡೆಯಲ್ಲೆಲ್ಲ ನಾನು ನನ್ನ ನೆನಪನ್ನು ನಂಬುವುದಿಲ್ಲ. ಅದು ನನಗೆ ಅನುಕೂಲವಾದ ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ ಎಂಬುದು ಈಚೆಗೆ ತಿಳಿದಿದೆ. ಆ ಕಾಲದ ಡೈರಿಗಳು ಎದುರಿಗಿವೆ. ಅವುಗಳಲ್ಲಿ ಬಿಟ್ಟುಹೋದದ್ದು ಬರೆದದ್ದಕ್ಕಿಂತ ಹೆಚ್ಚು.

ಲ್ಯಾಬಿನಲ್ಲಿ ಎಂಟು ಬೋರ್ಡುಗಳಿದ್ದವು. ಒಂದೊಂದರ ಅಂಚಿನಲ್ಲೂ ಎರಡು ಸಾಲಿನ, ಇಪ್ಪತ್ತಾರು ಪಿನ್ನುಗಳ ಒಂದು ಸಾಕೆಟ್. ಹೊರಗಿನ ಮೋಟಾರು, ದೀಪ, ಸೆನ್ಸರ್ ಏನೇ ಜೋಡಿಸುವುದಿದ್ದರೂ ಅದರ ಮೂಲಕವೇ. ಒಂದು ಸಾಲಿನಲ್ಲಿ ಬೆಸಸಂಖ್ಯೆಯ ಪಿನ್ನುಗಳು, ಪಕ್ಕದ ಸಾಲಿನಲ್ಲಿ ಸಮಸಂಖ್ಯೆಯವು. ಕೊನೆಯ ಜೋಡಿಯಲ್ಲಿ ಇಪ್ಪತ್ತೈದು ಎಂದರೆ ಐದು ವೋಲ್ಟ್, ಇಪ್ಪತ್ತಾರು ಎಂದರೆ ಗ್ರೌಂಡ್. ಇವೆರಡು ಅದಲುಬದಲಾದರೆ ಜೋಡಿಸಿದ್ದೂ ಸುಡುತ್ತದೆ, ಬೋರ್ಡೂ ಸುಡುತ್ತದೆ. ಅದಲುಬದಲಾಗುವುದು ಬಹಳ ಸುಲಭ. ಹೊರಗಿನ ಕಾರ್ಡನ್ನು ಬೆಸುಗೆ ಹಾಕಲು ಮಗುಚಿದಾಗ ಎಡಸಾಲು ಬಲಕ್ಕೆ ಬರುತ್ತದೆ. ಮೇಲಿನ ನಕ್ಷೆ ನೋಡಿಕೊಂಡು ಕೆಳಗಿನಿಂದ ಎಣಿಸಿದವರು ಇಪ್ಪತ್ತೈದರ ಜಾಗದಲ್ಲಿ ಇಪ್ಪತ್ತಾರನ್ನು ಗುರುತು ಮಾಡುತ್ತಾರೆ. ಹೀಗೆ ಮಗುಚುವುದಕ್ಕೆ ಸರ್ ಡಬ್ಬ ಹಾಕುವುದು ಎನ್ನುತ್ತಿದ್ದರು; ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಮಾರಿ ನೋಡಿ ಎಣಿಸಿದ್ರೋ, ಡಬ್ಬ ಹಾಕಿ ಎಣಿಸಿದ್ರೋ?"

ಪ್ರತಿ ಲ್ಯಾಬಿನ ಮೊದಲಿಗೆ ನಾವು ಆ ಇಪ್ಪತ್ತಾರನ್ನು, ಯಾವ ಪಿನ್ನಿಗೆ ಬೋರ್ಡಿನ ಯಾವ ಗೆರೆ ಬರುತ್ತದೆಂದು, ಮಗ್ಗಿಯ ಹಾಗೆ ಒಪ್ಪಿಸಬೇಕಿತ್ತು. ಒಂದು, ಸಿ ನಾಲ್ಕು. ಎರಡು, ಸಿ ಐದು. ಮೂರು, ಸಿ ಎರಡು. ಸಂಖ್ಯೆಗಳು ಹೀಗೆ ಹಿಂದೆ ಮುಂದೆ ಜಿಗಿಯುತ್ತಿದ್ದವು. ಏಕೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ತಪ್ಪಿದವರು ಮೊದಲಿನಿಂದ ಶುರುಮಾಡಬೇಕು, ಉಳಿದವರು ನಿಂತೇ ಇರಬೇಕು. ಒಬ್ಬ ಹುಡುಗ ಸತತ ಏಳು ಸಲ ತಪ್ಪಿ ಅಳತೊಡಗಿದಾಗ ಸರ್ ತಮ್ಮ ಕುರ್ಚಿ ಅವನಿಗೆ ಕೊಟ್ಟು ಕೂರಿಸಿದರು. "ಕುಂತು ಅಳ್ರಿ. ನಿಂತು ಅತ್ರ ಕಾಲು ನೋಯ್ತಾವ."

ನಮ್ಮ ಹೆಸರುಗಳು ಅವರಿಗೆ ಬೇಕಿರಲಿಲ್ಲ. ಯಾವ ಬಸ್ಸಿಗೆ ಬರುತ್ತೇವೋ ಅದೇ ನಮ್ಮ ಹೆಸರು. ನಾನು ಕರ್ಜಗಿ ಬಸ್ಸು. ಇಬ್ಬರು ಗುತ್ತಲ ಬಸ್ಸು. ನನ್ನ ಜೊತೆಗಾರ ಫಕ್ಕೀರೇಶ ಬ್ಯಾಡಗಿಯಿಂದ ರೈಲಿಗೆ ಬರುತ್ತಿದ್ದ; ಅವನು ಬ್ಯಾಡಗಿ ಪ್ಯಾಸೆಂಜರ್. ಹೆಸರು ಬರೆಯುತ್ತಿದ್ದುದು ಒಂದೇ ಜಾಗದಲ್ಲಿ. ಬಾಗಿಲ ಪಕ್ಕದ ಗೋಡೆಗೆ ಒಂದು ಥರ್ಮೋಕೋಲ್ ಹಾಳೆ ತೂಗುಹಾಕಿದ್ದರು. ವಿದ್ಯಾರ್ಥಿಗಳು ಸುಟ್ಟ ಚಿಪ್ಪುಗಳನ್ನೆಲ್ಲ ಅದಕ್ಕೆ ಚುಚ್ಚಿ, ಕೆಳಗೆ ಸುಟ್ಟವರ ಹೆಸರು, ಊರು, ವರ್ಷವನ್ನು ದುಂಡಗೆ ಬರೆಯುತ್ತಿದ್ದರು. ನಾವು ಅದನ್ನು ಸುಡುಗಾಡು ಎನ್ನುತ್ತಿದ್ದೆವು. ಹೊಸದಾಗಿ ಸೇರಿದ ಹುಡುಗನೊಬ್ಬನ ಮನೆತನದ ಹೆಸರು ನೋಡಿ ಅವರು ಅವನನ್ನು ಅಲ್ಲಿಗೆ ಕರೆದೊಯ್ದದ್ದು ನನಗೆ ನೆನಪಿದೆ. "ನಿಮ್ಮ ಅಣ್ಣಾರು ಇಲ್ಲಿ ಮಲಗ್ಯಾರ ನೋಡ್ರಿ. ನಿಮಗೂ ಬಾಜೂಕ ಜಾಗ ಇಟ್ಟೇನಿ."

ಬೋರ್ಡುಗಳ ಮೇಲೆ ಅವರಿಗಿದ್ದ ಮಮತೆ ಮಾತ್ರ ಸುಳ್ಳಲ್ಲ. ದಿನವೂ ಸಂಜೆ ಮೆತ್ತನೆಯ ಬ್ರಷ್ಷಿನಿಂದ ಪಿನ್ನುಗಳ ನಡುವಿನ ಧೂಳು ತೆಗೆದು, ಒಗೆದ ಬಿಳಿ ಬಟ್ಟೆ ಹೊದಿಸುತ್ತಿದ್ದರು. ಕಣ್ಣುಮುಚ್ಚಿ ಉಗುರಿನಿಂದ ಹದಿನೇಳನೆಯ ಪಿನ್ನನ್ನು ಹುಡುಕಿ ತೋರಿಸಬಲ್ಲವರಾಗಿದ್ದರು. ಅವರ ಕ್ರೌರ್ಯಕ್ಕೆ ಏನಾದರೂ ಕಾರಣವಿರಬೇಕೆಂದು ನಾನು ಬಹಳ ಕಾಲ ಹುಡುಕಿದೆ. ಓದಿದವರಿಗೆ ಆ ಚಟ ಇರುತ್ತದೆ. ಸಿಗಲಿಲ್ಲ. ಮನೆಯಲ್ಲಿ ಚೆನ್ನಾಗಿದ್ದರು, ಹೆಂಡತಿಯ ಜೊತೆ ನಗುತ್ತ ಸಂತೆಗೆ ಹೋಗುತ್ತಿದ್ದರು, ಯಾರೂ ಅವರಿಗೆ ಮೋಸ ಮಾಡಿರಲಿಲ್ಲ. ನಮ್ಮನ್ನು ಹಿಂಸಿಸುವುದು ಅವರಿಗೆ ಇಷ್ಟವಿತ್ತು, ಅಷ್ಟೇ.

ಕೊನೆಯ ಸೆಮಿಸ್ಟರಿನಲ್ಲಿ ನಾನೂ ಫಕ್ಕೀರೇಶನೂ ಸೇರಿ ಒಂದು ಪ್ರಾಜೆಕ್ಟ್ ಮಾಡಿದೆವು. ಅವನ ಊರಿನ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ತಂಪು ಕಡಿಮೆಯಾದರೆ ಗಂಟೆ ಬಾರಿಸುವ ಒಂದು ಚಿಕ್ಕ ಕಾರ್ಡು. ವಿಚಾರ ಅವನದು. ಪ್ರೋಗ್ರಾಂ ನಾನು ಬರೆದೆ. ಕಾರ್ಡನ್ನು ಬೋರ್ಡಿನ ಸಾಕೆಟ್ಟಿಗೆ ಸೇರಿಸಬೇಕು. ನಾನು ಕಾರ್ಡನ್ನು ಮಗುಚಿಟ್ಟು, ನಕ್ಷೆ ನೋಡಿ, ಹಸಿರು ಸ್ಕೆಚ್‌ಪೆನ್ನಿನಿಂದ ಪ್ರತಿ ಪಿನ್ನಿನ ಪಕ್ಕ ಸಂಖ್ಯೆ ಬರೆದೆ. ನಾನು ಬರೆದಲ್ಲಿ ಅವನು ಬೆಸುಗೆ ಹಾಕಿದ. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ.

ಫಕ್ಕೀರೇಶನ ಕೈಯಲ್ಲಿ ಆಗ ಒಂದು ಕಾಗದವಿತ್ತು. ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜ ಜರಡಿ ಹಿಡಿಯುವ ಯಂತ್ರಗಳ ಕಂಪನಿಯೊಂದು ಅವನನ್ನು ಕೆಲಸಕ್ಕೆ ಆರಿಸಿಕೊಂಡಿತ್ತು. ಷರತ್ತು ಒಂದೇ, ಆ ಸಲವೇ ಪಾಸಾಗಬೇಕು. ಅವನು ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಲ್ಯಾಬಿನ ಜರ್ನಲ್ ಪುಸ್ತಕದ ನಡುವೆ ಇಟ್ಟುಕೊಂಡು ತಿರುಗುತ್ತಿದ್ದ.

ತೋರಿಸುವ ದಿನ ಕಾರ್ಡು ಸಿಕ್ಕಿಸಿ ಸ್ವಿಚ್ ಹಾಕಿದೆವು. ಗಂಟೆ ಹೊಡೆಯಲಿಲ್ಲ. ಮೊದಲು ವಾಸನೆ ಬಂತು, ಆಮೇಲೆ ಸಣ್ಣ ಹೊಗೆ. ಕಾರ್ಡಿನ ಚಿಪ್ಪೂ ಹೋಯಿತು, ಬೋರ್ಡಿನ ಮೇಲಿನ ನಲವತ್ತು ಕಾಲಿನ ದೊಡ್ಡ ಚಿಪ್ಪೂ ಹೋಯಿತು. ಸರ್ ಬಂದರು. ಮುಟ್ಟಿದರು. "ಹೋತು" ಎಂದರು. ಕಾರ್ಡನ್ನು ಕಿತ್ತು, ಮಗುಚಿ, ಹಸಿರು ಸಂಖ್ಯೆಗಳನ್ನು ಬಹಳ ಹೊತ್ತು ನೋಡಿದರು.

"ಡಬ್ಬ ಹಾಕಿ ಎಣಿಸ್ಯಾರ. ಯಾರ ಎಣಿಸಿದ್ದು?"

"ನಾನ್ರಿ ಸರ್" ಎಂದ ಫಕ್ಕೀರೇಶ.

"ನೀವ?"

"ಹೂನ್ರಿ."

"ಛಲೋ ಆತು. ಒಪ್ಕೊಳ್ಳೋ ಮಂದಿ ಈಗ ಕಡಿಮಿ."

ಸರ್ ಕೇಳಿ ಮುಗಿಸುವುದರೊಳಗೆ ಅವನು ಉತ್ತರ ಕೊಟ್ಟುಬಿಟ್ಟ, ನನಗೆ ಬಾಯಿ ತೆರೆಯಲು ಸಮಯವೇ ಸಿಗಲಿಲ್ಲ ಎಂದು ನಾನು ಹದಿನೈದು ವರ್ಷ ನಂಬಿದ್ದೆ. ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ: "ಬೋರ್ಡ್ ಸುಟ್ಟಿತು." ತಾನಾಗಿಯೇ ಸುಟ್ಟಿತೆಂಬಂತೆ.

ಪ್ರೋಗ್ರಾಂ ಸರಿಯಿದ್ದದ್ದಕ್ಕೆ ನನಗೆ ಒಳ್ಳೆಯ ಅಂಕ ಬಂತು. ಫಕ್ಕೀರೇಶನಿಗೆ ಪ್ರಾಜೆಕ್ಟಿನ ಆಂತರಿಕ ಅಂಕದಲ್ಲೇ ಫೇಲು; ಪರೀಕ್ಷೆಗೆ ಕೂರುವಂತಿಲ್ಲ. ಸುಡುಗಾಡಿನಲ್ಲಿ ಅವನ ಹೆಸರು ಬಂತು.

ಅವನ ಅಪ್ಪ ಬ್ಯಾಡಗಿಯಿಂದ ಬಂದರು. ಮೆಣಸಿನಕಾಯಿ ಬೆಳೆಯುವವರು, ಬಿಳಿ ಧೋತರ, ಕೈಯಲ್ಲಿ ತಮ್ಮ ಹೊಲದ ಒಣಮೆಣಸಿನಕಾಯಿಯ ಒಂದು ಚೀಲ. ನಾನು ಹಿಂದಿನ ಮೇಜಿನಲ್ಲಿ ಜರ್ನಲ್ ಬರೆಯುತ್ತಿದ್ದೆ. ಸರ್ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ತರಿಸಿದರು. ಚೀಲದಿಂದ ಒಂದು ಕಾಯಿ ತೆಗೆದು ಮೂಸಿ ನೋಡಿ, "ಬಣ್ಣ ಛಲೋ ಐತ್ರಿ ಯಜಮಾನ್ರ" ಎಂದು ಚೀಲವನ್ನು ಮೇಜಿನ ಕೆಳಗಿಟ್ಟುಕೊಂಡರು. ಆಮೇಲೆ ಗೋಡೆಯ ಹಾಳೆಯಿಂದ ಮಗನ ಚಿಪ್ಪನ್ನು ಕಿತ್ತು ಅಪ್ಪನ ಅಂಗೈಯಲ್ಲಿಟ್ಟರು.

"ಇದಕ್ಕ ಎಷ್ಟು ಕಾಲು ಅದಾವ ಎಣಿಸ್ರಿ."

ಅವರು ಹೆಬ್ಬೆರಳ ಉಗುರಿನಿಂದ ಒಂದೊಂದಾಗಿ ಎಣಿಸಿದರು. "ನಲವತ್ರಿ."

"ಬರೋಬ್ಬರಿ. ಈ ಚುಕ್ಕಿ ಕಡೀದು ಒಂದನೇ ಕಾಲು. ಈಗ ಡಬ್ಬ ಹಾಕ್ರಿ. ಒಂದನೇದು ಎಲ್ಲಿ ಹೋತು?"

ಅಪ್ಪ ಒಂದನೆಯ ಕಾಲಿನ ಮೇಲೆ ಬೆರಳಿಟ್ಟರು. ಬೆರಳು ಬಿಡದೆಯೇ ಚಿಪ್ಪನ್ನು ಮಗುಚಿದರು. ಬೆರಳಿದ್ದ ಕಾಲನ್ನೇ ತೋರಿಸಿದರು. "ಇಲ್ಲೇ ಐತಲ್ರಿ."

ಸರ್ ಬಾಗಿಲ ಬಳಿ ನಿಂತಿದ್ದ ಫಕ್ಕೀರೇಶನ ಕಡೆ ತಿರುಗಿದರು. "ನೋಡಿದ್ರೇನು? ನಿಮ್ಮ ಅಪ್ಪಾರು ಸಾಲಿ ಮೆಟ್ಲಾ ಹತ್ತಿಲ್ಲ. ಅವರಿಗೆ ಬಂತು. ಮೂರು ವರ್ಷ ನಿಮಗ ಕಲಿಸಿದ್ದಕ್ಕಿಂತ ಇವರಿಗೆ ಕಲಿಸಿದ್ರ ಆಗ್ತಿತ್ತು."

ಅಪ್ಪ ನಕ್ಕರು. ತಮ್ಮನ್ನು ಹೊಗಳಿದರೆಂದು ಅವರಿಗೆ ಖುಷಿಯಾಗಿತ್ತು. ಮಗನ ಕಡೆ ನೋಡಿ ಅವನು ನಗುತ್ತಿಲ್ಲವೆಂದು ತಿಳಿದು ನಗು ನಿಲ್ಲಿಸಿದರು. "ಹಂಗಾರ ಹುಡುಗಂದ ಏನರ ದಾರಿ ಆಕ್ಕೈತೇನ್ರಿ?" ಎಂದು ಕೇಳಿದರು. "ಮುಂದಿನ ವರ್ಷ ಆಕ್ಕೈತಿ. ಲಗೂ ಹೋಗ್ರಿ, ರೈಲು ತಪ್ಪತೈತಿ" ಎಂದರು ಸರ್. ನಾನು ತಲೆ ಎತ್ತಲಿಲ್ಲ. ಜರ್ನಲ್ಲಿನ ಆ ಪುಟ ಈಗಲೂ ನನ್ನ ಬಳಿ ಇದೆ, ಅಕ್ಷರಗಳು ಬಹಳ ಅಚ್ಚುಕಟ್ಟಾಗಿವೆ.

ಮುಂದಿನ ವರ್ಷ ಫಕ್ಕೀರೇಶ ಬರಲಿಲ್ಲ. ಕಂಪನಿ ಬೇರೊಬ್ಬನನ್ನು ತೆಗೆದುಕೊಂಡಿತು. ನಾನು ಇಂಜಿನಿಯರಿಂಗ್ ಸೇರಿದೆ, ಆಮೇಲೆ ವಿಶ್ವವಿದ್ಯಾಲಯ, ಆಮೇಲೆ ಪಾಠ ಹೇಳುವ ಕೆಲಸ.

ಎರಡು ವರ್ಷದ ಹಿಂದೆ ಸಂಶೋಧನೆಯ ಕೆಲಸಕ್ಕೆಂದು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಹೋಗಿದ್ದೆ. ಚೀಲಗಳ ನಡುವೆ ಸೆನ್ಸರುಗಳನ್ನಿಟ್ಟು ಒಂದು ಬೋರ್ಡಿಗೆ ಜೋಡಿಸಬೇಕಿತ್ತು. ಹೊರಗೆ ಬೇಸಿಗೆಯ ಬಿಸಿಲು, ಒಳಗೆ ಮೆಣಸಿನಕಾಯಿಯ ಘಾಟು ತುಂಬಿದ ಚಳಿ. ಕಂಪ್ರೆಸರ್ ನೋಡಿಕೊಳ್ಳುವ ಆಳು ಮಂಕಿ ಟೋಪಿ ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದ. ನಾನು ಸಾಕೆಟ್ಟಿನ ಮೇಲೆ ಬಾಗಿ ಪಿನ್ನು ಎಣಿಸುತ್ತಿದ್ದಾಗ ಹಿಂದಿನಿಂದ ಕೇಳಿದ:

"ಮಾರಿ ನೋಡಿ ಎಣಿಸಾಕತ್ತೀರೋ ಮೇಡಮ್ಮಾರ, ಡಬ್ಬ ಹಾಕಿಯೋ?"

ಟೋಪಿ ತೆಗೆದ. ತಲೆ ನರೆತಿತ್ತು. ನಾನು "ಫಕ್ಕೀರೇಶ" ಎಂದೆ. ಅವನು "ಗುರ್ತು ಹಿಡದ್ರಲ್ಲ, ಬಾಳ ಆತು" ಎಂದ. ಕಾಲೇಜಿನಲ್ಲಿ ನಾವು ನೀ, ನಾ ಎಂದು ಮಾತಾಡಿದವರು.

ಕಂಪ್ರೆಸರ್ ಕೋಣೆಯ ಸ್ಟೂಲಿನ ಮೇಲೆ ಕೂರಿಸಿ ಚಹಾ ಕೊಟ್ಟ. ಎಷ್ಟೋ ವರ್ಷಗಳಿಂದ ಹೊಂದಿಸಿಟ್ಟಿದ್ದ ಮಾತು ನನ್ನ ಬಾಯಿಂದ ಬಂತು. ಅಂದು ತಪ್ಪು ನನ್ನದು, ಹೇಳಬೇಕೆಂದಿದ್ದೆ, ಆದರೆ ಸರ್ ಕೇಳಿದ್ದೇ ತಡ ನೀನು ಒಪ್ಪಿಕೊಂಡುಬಿಟ್ಟೆ ಎಂದೆ.

"ಕೇಳಿದ್ದ ತಡ?" ಅವನು ನಕ್ಕ. "ಎಲ್ಲೀದ್ರಿ. ನೀವು ಹೇಳ್ತೀರಿ ಅಂತ ನಿಂತೆ. ಸರ್ ಎರಡ ಸಲ ಕೇಳಿದ್ರು. ನೀವು ನೆಲಾ ನೋಡಾಕತ್ತಿದ್ರಿ. ಯಾರರ ಒಬ್ರು ನಾನು ಅನ್ನಬೇಕಲ್ರಿ. ನಾಕು ಮಾರ್ಕ್ಸ್ ಕಡೀತಾರ ಅಂದ್ಕೊಂಡಿದ್ದೆ. ವರ್ಷಾನ ಕಡದ್ರು."

ಅವನ ನೆನಪೇ ಸರಿ ಎಂದು ಸಾಬೀತುಮಾಡುವ ಆಧಾರ ನನ್ನ ಬಳಿ ಇಲ್ಲ. ನನ್ನದು ಸರಿ ಎನ್ನುವುದಕ್ಕೂ ಇಲ್ಲ. ಆದರೆ ಅವನು ಹೇಳಿದ ಮೇಲೆ ಲ್ಯಾಬಿನ ನೆಲ ನನ್ನ ಕಣ್ಣಿಗೆ ಕಟ್ಟಿತು. ಸಿಮೆಂಟು ಕಿತ್ತುಹೋಗಿ, ಅಲ್ಲಿ ಒಂದು ತಾಮ್ರದ ತಂತಿ ಸಿಕ್ಕಿಕೊಂಡಿತ್ತು. ನೋಡದಿದ್ದರೆ ಅದು ನನಗೆ ತಿಳಿಯುತ್ತಿರಲಿಲ್ಲ.

"ಅದು ಹೋಗ್ಲಿ" ಎಂದ ಫಕ್ಕೀರೇಶ. "ನನಗ ಒಂದ ಮಾತು ತಿಳಕೋಬೇಕಾಗಿತ್ತು ನೋಡ್ರಿ. ಎಣಿಸಿದ್ದು ನಾ ಅಲ್ಲ ಅನ್ನೂದು ಸರ್‌ಗೆ ಗೊತ್ತಿತ್ತೇನು? ಅಪ್ಪ ಸಾಯೂ ಮುಂದೂ ಅದನ್ನ ಅಂದ. 'ಒಂದನೇ ಕಾಲು ನನಗ ಸಿಕ್ಕಿತ್ತು, ನಿನಗ ಹೆಂಗ ಸಿಗಲಿಲ್ಲೋ' ಅಂದ. ನಾ ಎಣಿಸಿಲ್ಲಪ್ಪ ಅಂದ್ರ ನಂಬಲಿಲ್ಲ. ನೀವು ದೊಡ್ಡ ಕಾಲೇಜಿನ್ಯಾಗ ಇರೋರು. ಸರ್‌ನ ಭೇಟಿ ಆದ್ರ ಅದೊಂದು ಕೇಳ್ರಿ. ಅವರಿಗೆ ಗೊತ್ತಿತ್ತು ಅಂದ್ರ ಸಾಕು ನನಗ."

ಕೇಳುತ್ತೇನೆ ಎಂದೆ. ಆ ವಾರವೇ ರಾಣೆಬೆನ್ನೂರಿಗೆ ಹೋದೆ.

ಸರ್ ಪಡಸಾಲೆಯಲ್ಲಿ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಅವಳು ತಪ್ಪಿದಾಗ "ಇರಲಿ ಇರಲಿ, ಮತ್ತ ಹೇಳು ಕೂಸ" ಎನ್ನುತ್ತಿದ್ದರು. ನನ್ನನ್ನು ಕಂಡು ಕನ್ನಡಕ ಏರಿಸಿದರು. "ಕರ್ಜಗಿ ಬಸ್ಸು. ಬರ್ರಿ ಅಕ್ಕಾರ, ಕುಂದರ್ರಿ." ನಾನು ಬಂದ ವಿಷಯ ಹೇಳಿದೆ.

"ಗೊತ್ತಿತ್ತು" ಎಂದರು, ಯೋಚಿಸಲೂ ಇಲ್ಲ. "ಮೂರು ವರ್ಷ ನಿಮ್ಮ ಜರ್ನಲ್ ತಿದ್ದೇನಿ. ನಿಮ್ಮ ಏಳು, ನಿಮ್ಮ ನಾಕು ನನಗ ಗುರ್ತು ಸಿಗೂದಿಲ್ಲೇನು?"

"ಗೊತ್ತಿದ್ದೂ ಅವನನ್ನು ಫೇಲ್ ಮಾಡಿದಿರಾ ಸರ್?"

"ನಾ ಎಲ್ಲಿ ಮಾಡಿದೆ. ಅಂವಾ ನಾನು ಅಂದ. ನೀವು ಸುಮ್ನಿದ್ರಿ. ಇಬ್ಬರ ಮಾತೂ ಕೇಳಿದೆ ನಾ." ಮೊಮ್ಮಗಳ ಜಡೆ ಸರಿಪಡಿಸುತ್ತ ಮುಂದುವರಿಸಿದರು. "ಎಂಟ ದಿನ ಮಾರ್ಕ್ಸ್ ಶೀಟು ನನ್ನ ಕಪಾಟಿನ್ಯಾಗ ಇಟ್ಕೊಂಡಿದ್ದೆ. ದಿನಾ ಐದರ ತನಕ ಲ್ಯಾಬಿನ್ಯಾಗ ಕುಂದರತಿದ್ದೆ, ನೀವು ಬಂದು ಹೇಳ್ತೀರೇನು ನೋಡೂಣು ಅಂತ. ಕಿಟಕ್ಯಾಗಿಂದ ಕಾಣತಿತ್ತು. ನೀವು ಬಸ್ ಸ್ಟ್ಯಾಂಡ್ ಕಡೆ ಹೋಗ್ತಿದ್ರಿ."

"ಬಂದು ಹೇಳಿದ್ದರೆ?"

"ಇಬ್ಬರೂ ಪಾಸ್. ಚಿಪ್ಪಿನದೇನು, ಹೊಸಾದು ಬರತೈತಿ."

ಮೊಮ್ಮಗಳು ಏಳರ ಮಗ್ಗಿ ಶುರುಮಾಡಿದಳು. ಅವರು ಹೇಳಿದ್ದು ನಿಜವೋ, ನಾನು ಎದುರಿಗೆ ಕೂತಿದ್ದೇನೆಂದು ಆಗ ತಾನೆ ಕಟ್ಟಿದ ಮಾತೋ ನನಗೆ ತಿಳಿಯದು. ಅವರಿಗೆ ಎರಡೂ ಸಾಧ್ಯವಿತ್ತು. ಮನೆಗೆ ಬಂದು ಆ ಎಂಟು ದಿನಗಳ ಡೈರಿ ತೆರೆದೆ. ಬಸ್ ತಡ. ಜರ್ನಲ್ ಮುಗಿಯಿತು. ತಲೆನೋವು. ಒಂದು ಸಂಜೆ ನಾನು ಮೆಟ್ಟಿಲು ಹತ್ತಿ ಲ್ಯಾಬಿನ ಬಾಗಿಲವರೆಗೆ ಹೋಗಿ ತಿರುಗಿ ಬಂದದ್ದು ನೆನಪಾಗುತ್ತಿದೆ. ಡೈರಿಯಲ್ಲಿ ಅದಿಲ್ಲ. ಸರ್ ಹೇಳಿದ ಮೇಲೆ ನಾನು ಮಾಡಿಕೊಂಡ ನೆನಪೇ ಇರಬೇಕು.

ಫಕ್ಕೀರೇಶನಿಗೆ ಫೋನ್ ಮಾಡಲಿಲ್ಲ. ಸರ್‌ಗೆ ಗೊತ್ತಿತ್ತು ಎಂದರೆ ಅವನ ಮುಂದಿನ ಪ್ರಶ್ನೆ ಬರುತ್ತದೆ: ಗೊತ್ತಿದ್ದೂ ಯಾಕೆ ಫೇಲ್ ಮಾಡಿದರು? ಅದಕ್ಕೆ ಉತ್ತರ ನಾನು. ಆ ಎಂಟು ಸಂಜೆಗಳು. ಸೆನ್ಸರುಗಳನ್ನು ತೆಗೆದುಕೊಂಡು ಬರಲು ಸಹೋದ್ಯೋಗಿಯೊಬ್ಬರನ್ನು ಕಳಿಸಿದೆ. ಹೀಗೆ ಎರಡು ವರ್ಷ ಕಳೆದವು.

ಹೋದ ತಿಂಗಳು ಸರ್ ತೀರಿಕೊಂಡ ಮರುದಿನ ಅವನೇ ಫೋನ್ ಮಾಡಿದ. ಹಿಂದೆ ಕಂಪ್ರೆಸರ್ ಸದ್ದು ಕೇಳುತ್ತಿತ್ತು.

"ಸರ್ ಹೋದ್ರಂತಲ್ರಿ."

"ಹೂಂ."

"ಛಲೋ ಮನಷಾ ಅನ್ನಾಕ ಬಾಯಿ ಬರೂದಿಲ್ಲ. ಆದ್ರೂ ಪಾಪ." ಆಮೇಲೆ ಕೇಳಿದ: "ನೀವು ಅವರನ್ನ ಭೇಟಿ ಆಗಿದ್ರೇನು, ಖರೇ ಹೇಳ್ರಿ."

"ಆಗಿದ್ದೆ."

"ಕೇಳಿದ್ರ ಅದನ್ನ?"

"ಕೇಳಿದೆ" ಎಂದೆ. ಎಂಟು ದಿನದ ಮಾತು ನಾಲಿಗೆಯ ತುದಿಯಲ್ಲಿತ್ತು. "ಅವರಿಗೆ ಗೊತ್ತಿರಲಿಲ್ಲಂತ ಫಕ್ಕೀರೇಶ. ನೀನ ಎಣಿಸಿದ್ದು ಅಂತ ತಿಳ್ಕೊಂಡಿದ್ರಂತ."

ಕಂಪ್ರೆಸರ್ ನಿಂತಿತು. ಅದು ತನ್ನಷ್ಟಕ್ಕೆ ಆಗಾಗ ನಿಲ್ಲುತ್ತದೆ ಎಂದು ನನಗೆ ಗೊತ್ತು.

"ಅಂದ್ರ ನನ್ನ ದಡ್ಡ ಅಂತನ ತಿಳ್ಕೊಂಡು ಸತ್ರು" ಎಂದ.

"ಹೂಂ" ಎಂದೆ.